ಹಳೇ ಬೋಟು ಕೊಡಿಸುವ ಅಣ್ಣನಿಗೆ ಒಂದು ಬಹಿರಂಗ ಪತ್ರ

ಮಲ್ಪೆ ಬಂದರಿನ ಬೋಟು ದಲ್ಲಾಳಿ ಅಣ್ಣನಿಗೆ,



ಮಳೆಗಾಲದ ನಿಷೇಧ ಶುರುವಾದರೆ ಬಂದರಿನಲ್ಲಿ ಎಲ್ಲರ ಕೆಲಸ ನಿಲ್ಲುತ್ತದೆ, ನಿಮ್ಮದು ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಮೋಟಾರು ಕಟ್ಟಿಕೊಂಡ ನಾಡದೋಣಿಗಳು ಮಾತ್ರ ಅಲೆಯ ಅಬ್ಬರ ನೋಡಿಕೊಂಡು ಹೊರಡುತ್ತವೆ. ಟ್ರಾಲ್‌ಬೋಟು, ಪರ್ಸೀನ್ ಬೋಟುಗಳೆಲ್ಲ ದಡ ಸೇರಿ, ಬಲೆ ಬಿಚ್ಚಿ, ಮಿಷನ್ ಕಳಚಿ ಕೂತಿರುತ್ತವೆ. ಮಾರುವವರು ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಈ ದಿನಗಳಲ್ಲೇ. ಕೊಳ್ಳುವವರು ಮನೆಯ ಹೆಂಗಸರ ಚಿನ್ನ ಸೊಸೈಟಿಯಲ್ಲಿಟ್ಟು, ಅಕ್ಕತಂಗಿಯರ ಹತ್ತಿರ ಕೈಗಡ ಮಾಡಿ, ನಿಮಗೆ ಫೋನು ಮಾಡುವುದೂ ಈ ದಿನಗಳಲ್ಲೇ.

ನಾನು ಯಾರೆಂದು ನಿಮಗೆ ಗೊತ್ತು. ದಕ್ಕೆಯ ಹತ್ತಿರ ಕೂತು ಬೋಟುಗಳ ಅರ್ಜಿ ಬರೆಯುವವನು. ನೋಂದಣಿ, ಲೈಸೆನ್ಸ್, ವಿಮೆ, ಕರರಹಿತ ಡೀಸೆಲ್ – ಇವುಗಳ ಕಾಗದಕ್ಕೆ ಜನ ನನ್ನ ಹತ್ತಿರ ಬರುತ್ತಾರೆ. ನೀವು ಕುದುರಿಸಿದ ವ್ಯಾಪಾರಗಳ ಕೊನೆಯ ಭಾಗ ಕಾಣುವುದು ನನಗೆ. ಕೈಕುಲುಕಿ ಚಹಾ ಕುಡಿದು ಎದ್ದುಹೋದಾಗ ನಿಮ್ಮ ಪಾಲಿನದು ಮುಗಿಯುತ್ತದೆ. ಆಗಸ್ಟಿನಲ್ಲಿ ಅದೇ ಬೋಟಿನ ಹೊಸ ಮಾಲೀಕ ಫೈಲು ಹಿಡಿದುಕೊಂಡು ನನ್ನೆದುರು ನಿಲ್ಲುತ್ತಾನೆ. ಅವನ ಮುಖ ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಹಾಕುವುದಿಲ್ಲ. ಮಂಗಳೂರಿನ ದಕ್ಕೆಯಲ್ಲಿ, ಗಂಗೊಳ್ಳಿಯಲ್ಲಿ, ಭಟ್ಕಳದಲ್ಲಿ, ಕಾರವಾರದ ಬೈತಖೋಲದಲ್ಲಿ ನಿಮ್ಮದೇ ಕೆಲಸ ಮಾಡುವವರಿದ್ದಾರೆ. ಅವರೂ ಇದನ್ನು ಓದಲಿ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ: ನೀವು ಬೇಕು. ದಲ್ಲಾಳಿ ಇಲ್ಲದಿದ್ದರೆ ಕೊಳ್ಳುವವನಿಗೆ ದುಡ್ಡು ಉಳಿಯುತ್ತದೆ ಅನ್ನುವವರಿಗೆ ಈ ವ್ಯಾಪಾರ ಗೊತ್ತಿಲ್ಲ. ಮನೆ ಮಾರುವವನು ಗೇಟಿಗೆ ಬೋರ್ಡು ತೂಗುಹಾಕಬಹುದು. ಬೋಟು ಮಾರುವವನು ಹಾಗೆ ಮಾಡುವಂತಿಲ್ಲ. ಬೋಟು ಮಾರಾಟಕ್ಕಿದೆ ಎಂಬ ಮಾತು ಬೆಳಿಗ್ಗೆ ಹೊರಬಿದ್ದರೆ ಸಂಜೆಯೊಳಗೆ ಐಸ್ ಪ್ಲಾಂಟಿನವರು ಲೆಕ್ಕದ ಪುಸ್ತಕ ಹಿಡಿದು ಬರುತ್ತಾರೆ. ಹಿಂದೆಯೇ ಡೀಸೆಲ್ ಬಂಕಿನವರು, ಬಲೆ ಅಂಗಡಿಯವರು, ಮಿಷನ್ ರಿಪೇರಿಯವರು. ಬೋಟು ನಡೆಸುವ ತಂಡೇಲ ಬೇರೆ ಬೋಟಿನ ಮಾಲೀಕನ ಜೊತೆ ಮಾತಿಗೆ ಕೂರುತ್ತಾನೆ, ಅವನ ಹಿಂದೆ ಬೋಟಿನಲ್ಲಿ ದುಡಿಯುವ ಕಲಾಸಿಗಳೂ ಹೋಗುತ್ತಾರೆ. ಮಾರುವ ಮೊದಲೇ ಬೋಟಿನ ಬೆಲೆ ಬಿದ್ದುಹೋಗುತ್ತದೆ. ಎರಡು ಋತು ಮೀನು ಕೈಕೊಟ್ಟ ಮಾಲೀಕನಿಗೆ ಮರ್ಯಾದೆ ಉಳಿಸಿಕೊಂಡು ಹೊರಬರುವ ದಾರಿ ಬೇಕು. ಆ ದಾರಿ ನೀವು. ಅವನು ನಿಮ್ಮ ಕಿವಿಯಲ್ಲಿ ಹೇಳುತ್ತಾನೆ, ನೀವು ಯಾರ ಹತ್ತಿರ ಹೇಳಬೇಕೋ ಅವರ ಹತ್ತಿರ ಮಾತ್ರ ಹೇಳುತ್ತೀರಿ. ಕೊಳ್ಳುವವನಿಗೂ ಅಷ್ಟೇ. ಹೊಸ ಆಳಸಮುದ್ರ ಬೋಟು ಕಟ್ಟಿಸಲು ಕೋಟಿ ರೂಪಾಯಿ ದಾಟುತ್ತದೆ. ಬೇರೆಯವರ ಬೋಟಿನಲ್ಲಿ ತಂಡೇಲನಾಗಿ ದುಡಿದು, ಮೂರು ನಾಲ್ಕು ಜನ ಪಾಲು ಹಾಕಿ, ಒಂದು ಬೋಟು ತಮ್ಮದೆಂದು ಮಾಡಿಕೊಳ್ಳುವವರಿಗೆ ಹಳೇ ಬೋಟೇ ಗತಿ. ಅಂಥವರನ್ನು ಮಾಲೀಕರನ್ನಾಗಿ ಮಾಡುವ ಕೆಲಸ ಸಣ್ಣದಲ್ಲ.

ಆದರೆ ಅಣ್ಣ, ನೀವು ಬೇಕಾಗಿರುವುದು ಯಾವ ಕಾರಣಕ್ಕೆ ಅಂತ ನೋಡಿ. ಮಾಲೀಕನ ಕಷ್ಟ ನಿಮಗೆ ಗೊತ್ತು ಎಂಬ ಕಾರಣಕ್ಕೆ. ಯಾರ ಬೋಟಿಗೆ ಎಷ್ಟು ಸಾಲ, ಯಾವ ಮಿಷನ್ ಎಷ್ಟು ಸಲ ಬಿಚ್ಚಿದ್ದು, ಯಾವ ಹಲಗೆ ಯಾವ ವರ್ಷ ಬದಲಾಯಿಸಿದ್ದು – ಇಡೀ ಬಂದರಿನಲ್ಲಿ ಇದೆಲ್ಲ ಒಟ್ಟಿಗೆ ಗೊತ್ತಿರುವ ಮನುಷ್ಯ ನೀವೊಬ್ಬರೇ. ಕೊಳ್ಳುವವನು ನಿಮಗೆ ಕಮಿಷನ್ ಕೊಡುವುದು ಆ ತಿಳಿವಳಿಕೆಗೆ. ಅವನಿಗೆ ಸಿಗುವುದು ಮೂರು ಮಾತು: "ಮಿಷನ್ ಕಂಡೀಷನ್ ಉಂಟು, ಮರ ಗಟ್ಟಿ ಉಂಟು, ಕಾಗದ ಕ್ಲಿಯರ್ ಉಂಟು." ನಿಮಗೆ ಅತಿ ಹೆಚ್ಚು ಗೊತ್ತಿರುವುದರ ಬಗ್ಗೆಯೇ ನೀವು ಬಾಯಿ ಬಿಡುವುದಿಲ್ಲ. ನನ್ನ ತಕರಾರು ಇದೊಂದೇ. ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು.

ಮರದ ಮಾತಿನಿಂದಲೇ ಶುರು ಮಾಡುತ್ತೇನೆ. ಈಗ ಬರುವ ಬೋಟುಗಳಲ್ಲಿ ಕಬ್ಬಿಣದ್ದು ಹೆಚ್ಚಾದರೂ ಕಡಿಮೆ ಬಂಡವಾಳದವರ ಕೈಗೆಟಕುವ ಬೋಟುಗಳಲ್ಲಿ ಮರದವು ಇನ್ನೂ ಬೇಕಾದಷ್ಟಿವೆ. ಹೆಬ್ಬಲಸಿನ ಹಲಗೆ ಹೊದೆಸಿದ ಒಳ್ಳೆಯ ಬೋಟು ನೋಡಿಕೊಂಡರೆ ಬಹಳ ಕಾಲ ಬಾಳುತ್ತದೆ. ನೋಡಿಕೊಳ್ಳದಿದ್ದರೆ ಅದನ್ನು ತಿನ್ನುವುದು ಕಡಲ ಹುಳ. ಹುಳ ಅಂತ ನಾವು ಕರೆದರೂ ಅದು ಚಿಪ್ಪಿನ ಜಾತಿಯದ್ದು, ನಾವು ಸುಕ್ಕ ಮಾಡಿ ತಿನ್ನುವ ಮರುವಾಯಿಯ ಸಂಬಂಧಿ. ಮರಿಯಾಗಿರುವಾಗ ಸೂಜಿಮೊನೆಯಷ್ಟು ತೂತು ಮಾಡಿ ಹಲಗೆಯೊಳಗೆ ಸೇರುತ್ತದೆ. ಸೇರಿದ ಮೇಲೆ ಹೊರಗೆ ಬರುವುದಿಲ್ಲ; ಮರದ ಎಳೆಯ ಗುಂಟ ಕೊರೆಯುತ್ತ, ಕೊರೆದ ಸುರಂಗಕ್ಕೆ ಸುಣ್ಣದ ಪದರ ಬಳಿಯುತ್ತ ಒಳಗೇ ಉದ್ದವಾಗುತ್ತದೆ. ಹೊರಗಿನಿಂದ ನೋಡಿದವನಿಗೆ ಹಲಗೆ ನುಣ್ಣಗೆ, ಗಟ್ಟಿಯಾಗಿಯೇ ಕಾಣುತ್ತದೆ. ಸಣ್ಣ ಸುತ್ತಿಗೆಯಲ್ಲಿ ಬಡಿದರೆ ಟೊಳ್ಳು ಸದ್ದು, ದಬ್ಬಳ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಈ ಬಡಿದು ಚುಚ್ಚುವ ಕೆಲಸಕ್ಕೆ ಬಣ್ಣ ಇಲ್ಲದ ಹಲಗೆ ಬೇಕು.

ನೀವು ಗಿರಾಕಿಯನ್ನು ಕರೆದುಕೊಂಡು ಹೋಗುವುದು ಬಣ್ಣ ಬಳಿದಾದ ಮೇಲೆ. ಜೂನ್ ಮೊದಲ ವಾರ ದಡಕ್ಕೇರಿದ ಬೋಟಿಗೆ ಪಾಚಿ, ಚಿಪ್ಪು ಕೆರೆದು ತೆಗೆಯುತ್ತಾರಲ್ಲ, ಆ ಒಂದು ವಾರ ಬೋಟು ಯಾವ ಸುಳ್ಳೂ ಹೇಳುವುದಿಲ್ಲ. ಜುಲೈ ನಡುವೆ ಹೋದರೆ ಪುಟ್ಟಿ, ಬಣ್ಣ, ಹೊಸ ಹೆಸರು, ಮುಂಭಾಗಕ್ಕೆ ಹೂವಿನ ಮಾಲೆ. ಎಷ್ಟೋ ಬೋಟುಗಳಲ್ಲಿ ಹಳೇ ಹಲಗೆಯ ಮೇಲೆ ಫೈಬರ್ ಹೊದಿಕೆ ಬಂದಿರುತ್ತದೆ. ಒಣಗಿದ ಗಟ್ಟಿ ಹಲಗೆಯ ಮೇಲೆ ಹಾಕಿದ ಫೈಬರ್ ಕಾಪಾಡುತ್ತದೆ. ಒದ್ದೆ ಹಲಗೆಯ ಮೇಲೆ, ಕೊಳೆತದ್ದನ್ನು ಮುಚ್ಚಲು ಹಾಕಿದ ಫೈಬರ್ ಒಳಗಿನ ನೀರನ್ನು ಹೊರಗೆ ಬಿಡದೆ ಇನ್ನಷ್ಟು ಕೊಳೆಸುತ್ತದೆ. ಎರಡರ ವ್ಯತ್ಯಾಸ ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಕಿದವರಿಗೆ ಗೊತ್ತು, ಹಾಕಿಸಿದವರಿಗೆ ಗೊತ್ತು, ನಿಮಗೂ ಗೊತ್ತು. ಕಬ್ಬಿಣದ ಬೋಟಾದರೆ ಹುಳದ ಭಯವಿಲ್ಲ, ತುಕ್ಕಿನದಿದೆ. ಅದು ಹೊರಗಿನಿಂದ ತಿನ್ನುವುದಕ್ಕಿಂತ ಒಳಗಿನಿಂದ ತಿನ್ನುವುದು ಹೆಚ್ಚು: ಮೀನಿನ ಸ್ಟೋರೇಜಿನ ತಳದಲ್ಲಿ, ಐಸು ಕರಗಿದ ಉಪ್ಪುನೀರು ನಿಲ್ಲುವ ಮೂಲೆಗಳಲ್ಲಿ, ಶಾಖ ತಡೆಯಲು ತುಂಬಿದ ಫೋಮಿನ ಹಿಂದೆ. ತಗಡಿನ ದಪ್ಪವನ್ನು ಶಬ್ದತರಂಗದಿಂದ ಅಳೆಯುವ ಕೈಯಂತ್ರ ಇದೆ, ತಗಡು ಕೊರೆಯದೆಯೇ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಹೇಳುತ್ತದೆ. ಸರ್ವೇಯರನ್ನು ಕರೆಸಿ ಅಳತೆ ಮಾಡಿಸಲು ತಗಲುವ ಖರ್ಚು ಬೋಟಿನ ಬೆಲೆಯ ಮುಂದೆ ಏನೂ ಅಲ್ಲ. ಗಿರಾಕಿ ಸರ್ವೇಯರನ ಮಾತೆತ್ತಿದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳುತ್ತೀರಿ. ನಿಮ್ಮ ವಯಸ್ಸಿಗೆ, ಊರಿನಲ್ಲಿ ನಿಮಗಿರುವ ಗೌರವಕ್ಕೆ ಹುಡುಗರು ಸುಮ್ಮನಾಗುತ್ತಾರೆ. ಆ ಪ್ರಶ್ನೆಯನ್ನು ದಯವಿಟ್ಟು ಇನ್ನು ಮೇಲೆ ಕೇಳಬೇಡಿ. ನಂಬಿಕೆಯಿದ್ದವರೂ ಅಳತೆ ಮಾಡಿಸಬಹುದು.

ಮಿಷನ್ನಿನ ವಿಷಯ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗಿರಾಕಿ ಬರುವ ಹೊತ್ತಿಗೆ ಮಿಷನ್ ಆಗಲೇ ಓಡಿ ಬಿಸಿಯಾಗಿರುತ್ತದೆ; ತಣ್ಣಗಿರುವಾಗ ಎಷ್ಟು ಒದ್ದಾಡಿ ಸ್ಟಾರ್ಟ್ ಆಯಿತು ಅಂತ ಅವನಿಗೆ ತಿಳಿಯುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಇಷ್ಟು ಅವನಿಗೂ ಗೊತ್ತು. ಆದರೆ ದಡದಲ್ಲಿ ನಿಂತ ಬೋಟಿನ ಮಿಷನ್ ಸುಮ್ಮನೆ ತಿರುಗುತ್ತದೆ, ಭಾರ ಹೊರುವುದಿಲ್ಲ. ಬಲೆ ಎಳೆಯುವಾಗ ಎಷ್ಟು ಬಿಸಿಯಾಗುತ್ತದೆ, ಗೇರ್‌ಬಾಕ್ಸ್ ಜಾರುತ್ತದೋ, ಶಾಫ್ಟ್ ನಡುಗುತ್ತದೋ, ಸ್ಟರ್ನ್ ಟ್ಯೂಬಿನಿಂದ ನೀರು ಎಷ್ಟು ಒಸರುತ್ತದೆ – ಇದೆಲ್ಲ ಕಡಲಿಗೆ ಹೋಗದೆ ಗೊತ್ತಾಗದು. ಜೂನ್‌, ಜುಲೈಯಲ್ಲಿ ಅಳಿವೆ ಬಾಯಿ ದಾಟುವ ಹಾಗಿಲ್ಲ. ಅಂದರೆ ನಮ್ಮ ಕರಾವಳಿಯಲ್ಲಿ ಹಳೇ ಬೋಟುಗಳ ವ್ಯಾಪಾರದ ದೊಡ್ಡ ಪಾಲು ಕಡಲಿನಲ್ಲಿ ಓಡಿಸಿ ನೋಡದೆ ನಡೆಯುತ್ತದೆ. ಕಾರು ಕೊಳ್ಳುವವನು ಕೂಡ ಒಂದು ಸುತ್ತು ಓಡಿಸುತ್ತಾನೆ.

ಇದಕ್ಕೆ ದಾರಿ ಇಲ್ಲವೇ? ಇದೆ. ಬೆಲೆಯ ಒಂದು ಭಾಗ ಹಿಡಿದಿಟ್ಟುಕೊಂಡು, ಆಗಸ್ಟಿನಲ್ಲಿ ಮೊದಲ ಟ್ರಿಪ್ ಮುಗಿಸಿ ಬಂದ ಮೇಲೆ ಕೊಡುವುದು ಅಂತ ಕರಾರು ಬರೆಯಬಹುದು. ಮಿಷನ್ ಕಂಡೀಷನ್ನಿನಲ್ಲಿದೆ ಅಂತ ನಂಬಿರುವ ಮಾಲೀಕನಿಗೆ ಇದರಿಂದ ನಷ್ಟವಿಲ್ಲ. ಒಪ್ಪದ ಮಾಲೀಕನೂ ಗಿರಾಕಿಗೆ ಏನೋ ಒಂದು ತಿಳಿಸಿದಂತೆಯೇ ಆಯಿತು. ಈ ಕರಾರಿನ ಮಾತು ಹುಡುಗರು ಎತ್ತಿದರೆ ವ್ಯಾಪಾರ ಮುರಿಯುತ್ತದೆ, ನೀವು ಎತ್ತಿದರೆ ಪದ್ಧತಿಯಾಗುತ್ತದೆ.

ಇನ್ನು ಕಾಗದ. ಇದು ನನ್ನ ಕೆಲಸ, ಸ್ವಲ್ಪ ಉದ್ದ ಹೇಳುತ್ತೇನೆ.

"ಕಾಗದ ಕ್ಲಿಯರ್" ಅಂತ ನೀವು ಕೊಡುವುದು ನೋಂದಣಿ ಪತ್ರದ ಜೆರಾಕ್ಸ್ ಮತ್ತು ಮಾಲೀಕನ ಸಹಿ ಇರುವ ಸ್ಟಾಂಪ್ ಕಾಗದ. ನೋಂದಣಿ ಹೆಸರು ಬದಲಾವಣೆ ಆಮೇಲೆ ಮಾಡಿಕೊಂಡರಾಯಿತು ಅನ್ನುತ್ತೀರಿ. ಆ "ಆಮೇಲೆ" ಎಷ್ಟೋ ಬೋಟುಗಳಿಗೆ ಬರುವುದೇ ಇಲ್ಲ. ಮೀನುಗಾರಿಕೆ ದೋಣಿಗಳ ನೋಂದಣಿ ಬೆಳೆದುಬಂದದ್ದು 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ಅಡಿಯಲ್ಲಿ. ಮೀನು ಹಿಡಿಯುವ ಲೈಸೆನ್ಸ್ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯದ್ದು. ಬೋಟಿನ ಮೈಮೇಲೆ ಬರೆಯುವ ಸಂಖ್ಯೆಯಲ್ಲಿ ದೇಶ, ರಾಜ್ಯ, ನೋಂದಣಿಯಾದ ಕಡೆ, ಅದು ಯಾಂತ್ರೀಕೃತವೋ ಮೋಟಾರು ಕಟ್ಟಿದ್ದೋ – ಎಲ್ಲ ಇರುತ್ತದೆ. ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯನ ಹೆಸರಿದೆ. 2008ರ ನವೆಂಬರಿನಲ್ಲಿ ಪೋರಬಂದರಿನ 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನು ಭಯೋತ್ಪಾದಕರು ಅಪಹರಿಸಿ ಮುಂಬೈ ತೀರದ ಹತ್ತಿರ ಬಂದರು. ಆ ಮೇಲೆ ಬೋಟು ಯಾರದ್ದು, ಅದರಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ದೇಶದ ಭದ್ರತೆಯ ಪ್ರಶ್ನೆಯಾಯಿತು. ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂತು, ಬೋಟುಗಳಿಗೆ ರಾಜ್ಯಕ್ಕೊಂದು ಬಣ್ಣ ಬಂತು, ಈಗ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರುಗಳು ಬರುತ್ತಿವೆ. ನಡುಕಡಲಿನಲ್ಲಿ ಕೋಸ್ಟ್‌ಗಾರ್ಡ್‌ನವರು ಬೋಟು ನಿಲ್ಲಿಸಿ ಕಾಗದ ಕೇಳಿದಾಗ ಅದರಲ್ಲಿ ಇನ್ನೂ ಹಳೇ ಮಾಲೀಕನ ಹೆಸರಿದ್ದರೆ, ಹೊಸ ಮಾಲೀಕನೂ ಹಳೇ ಮಾಲೀಕನೂ ಇಬ್ಬರೂ ಉತ್ತರ ಕೊಡಬೇಕು. ನೀವು ಕೊಡಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ ಬೋಟು ಮುಳುಗಿದಾಗ. ವಿಮೆ ಒಬ್ಬರ ಹೆಸರಿನಲ್ಲಿ, ಬೋಟು ಇನ್ನೊಬ್ಬರ ಕೈಯಲ್ಲಿ. ಕಂಪನಿಯವರು ಕೇಳುವ ಮೊದಲ ಪ್ರಶ್ನೆಗೇ ಅರ್ಜಿ ನಿಂತುಬಿಡುತ್ತದೆ. ಕಲಾಸಿ ತೀರಿಕೊಂಡರೆ ಅವನ ಮನೆಯವರು ಪರಿಹಾರಕ್ಕೆ ಯಾರ ಹತ್ತಿರ ಹೋಗಬೇಕು? ನಮ್ಮ ಬೋಟುಗಳಲ್ಲಿ ದುಡಿಯುವವರು ಉತ್ತರ ಕನ್ನಡದಿಂದ, ಆಂಧ್ರದಿಂದ, ಒಡಿಶಾದಿಂದ ಬಂದವರು. ಒಡಿಶಾದಿಂದ ಬಂದ ಹೆಂಗಸೊಬ್ಬಳಿಗೆ "ಬೋಟು ಮಾರಿದ್ದು ಹೌದು, ಹೆಸರು ಬದಲಾಗಿಲ್ಲ" ಅಂತ ಯಾವ ಭಾಷೆಯಲ್ಲಿ ಹೇಳುವುದು ಅಣ್ಣ? ಹಾಗೆ ಹೇಳಬೇಕಾಗಿ ಬಂದವರ ಪಕ್ಕದಲ್ಲಿ ನಾನು ಕೂತಿದ್ದೇನೆ.

ಬೋಟಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವಿಲ್ಲದೆ ಹೆಸರು ಬದಲಾಗುವುದಿಲ್ಲ. ಕೇರಳದಿಂದಲೋ ಗೋವೆಯಿಂದಲೋ ಬಂದ ಬೋಟಾದರೆ ಅಲ್ಲಿನ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು, ಅಲ್ಲಿ ನೋಂದಣಿ ರದ್ದಾಗಬೇಕು. ಇಲ್ಲಿ ನೋಂದಣಿ, ಲೈಸೆನ್ಸ್ ಆಗದೆ ಕರರಹಿತ ಡೀಸೆಲ್ ಇಲ್ಲ. ಒಂದು ಟ್ರಿಪ್ಪಿಗೆ ಸಾವಿರಾರು ಲೀಟರ್ ಕುಡಿಯುವ ಬೋಟಿಗೆ ಆ ರಿಯಾಯಿತಿ ಇಲ್ಲದಿದ್ದರೆ ಮೊದಲ ಋತುವಿನಲ್ಲೇ ಲೆಕ್ಕ ತಲೆಕೆಳಗಾಗುತ್ತದೆ. ಹೊರರಾಜ್ಯದ ಬೋಟು ಅಗ್ಗಕ್ಕೆ ಸಿಗುತ್ತದೆ ಅಂತ ನೀವು ಹೇಳುವಾಗ ಈ ಕಾಗದಗಳ ದಾರಿ ಎಷ್ಟು ದೂರ ಅಂತಲೂ ಹೇಳಬೇಕು. ತನ್ನದಲ್ಲದ್ದನ್ನು ಯಾರೂ ಮಾರಲಾರರು ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲ ಮಾತುಗಳಲ್ಲಿ ಒಂದು. ಪಾಲುದಾರರಲ್ಲಿ ಒಬ್ಬ ಮಾತ್ರ ಸಹಿ ಹಾಕಿ ಇಡೀ ಬೋಟು ಮಾರಿದ ಪ್ರಕರಣಗಳು ನನ್ನ ಮೇಜಿಗೆ ಬಂದಿವೆ. ಉಳಿದ ಪಾಲುದಾರರ ಮನೆ ನಿಮಗೆ ಗೊತ್ತಿತ್ತು.

ಈಗ ಯಾವ ಕಾಗದದಲ್ಲೂ ಇಲ್ಲದ ಮಾತಿಗೆ ಬರುತ್ತೇನೆ. ಈ ಪತ್ರ ಬರೆದದ್ದೇ ಅದಕ್ಕಾಗಿ.

ಬೋಟು ಓಡುವುದು ಸಾಲದಲ್ಲಿ. ಐಸು ಸಾಲಕ್ಕೆ, ಡೀಸೆಲ್ ಸಾಲಕ್ಕೆ, ಬಲೆ, ಹಗ್ಗ ಸಾಲಕ್ಕೆ. ಋತುವಿನ ಮೊದಲು ಕಲಾಸಿಗಳಿಗೆ ಕೊಡುವ ಮುಂಗಡಕ್ಕೆ ಮಾಲೀಕ ಮೀನಿನ ವ್ಯಾಪಾರಿಯ ಹತ್ತಿರ ಕೈಚಾಚುತ್ತಾನೆ. ವ್ಯಾಪಾರಿ ಬಡ್ಡಿ ಕೇಳುವುದಿಲ್ಲ, ಮೀನು ತನ್ನ ಕೈಯಲ್ಲೇ ಏಲಂ ಆಗಬೇಕು ಅನ್ನುತ್ತಾನೆ. ಬಂಗುಡೆ ಬರಲಿ, ರಾಣಿಮೀನು ಬರಲಿ, ಬೊಂಡಾಸ್ ಬರಲಿ, ಕಮಿಷನ್ ಕಳೆದು ಲೆಕ್ಕ ಅವನದು. ಇದು ಇವತ್ತಿನದಲ್ಲ, ಬಂದರು ನಡೆಯುವ ರೀತಿಯೇ ಇದು, ಇದರಲ್ಲಿ ಮೋಸವೇನೂ ಇಲ್ಲ. ಕಾನೂನಿನ ಪ್ರಕಾರ ಈ ಬಾಕಿಗಳಲ್ಲಿ ಹೆಚ್ಚಿನವು ಹಳೇ ಮಾಲೀಕನದ್ದೇ. ಬಂದರಿನ ಪ್ರಕಾರ ಅವು ಬೋಟಿನದ್ದು. ಮಾಲೀಕ ಮನೆ ಬದಲಾಯಿಸಬಹುದು, ಊರು ಬಿಡಬಹುದು. ಬೋಟು ಅದೇ ದಕ್ಕೆಗೆ ಬಂದು ನಿಲ್ಲಬೇಕು, ಅದೇ ಪ್ಲಾಂಟಿನಿಂದ ಐಸು ತುಂಬಬೇಕು. ಕಲಾಸಿಗಳ ಸಂಬಳದ ಬಾಕಿಯ ವಿಷಯದಲ್ಲಂತೂ ಕಾನೂನೇ ಬಂದರಿನ ಪರ ನಿಲ್ಲುತ್ತದೆ: 2017ರ ಅಡ್ಮಿರಾಲ್ಟಿ ಕಾಯ್ದೆಯಂತೆ ನೌಕೆಯಲ್ಲಿ ದುಡಿದವರ ಸಂಬಳದ ಹಕ್ಕು ನೌಕೆಯ ಮೇಲೇ ಕೂರುತ್ತದೆ, ಮಾಲೀಕ ಬದಲಾದರೂ ಇಳಿಯುವುದಿಲ್ಲ.

ಕಳೆದ ಋತುವಿನಲ್ಲಿ ನೀವು ಕೊಡಿಸಿದ ಬೋಟೊಂದರ ಮೂವರು ಪಾಲುದಾರರು ನೆನಪಿದ್ದಾರೆಯೇ? ಮೂವರೂ ಚಿಕ್ಕಂದಿನಿಂದ ಕಡಲಲ್ಲಿ ದುಡಿದವರು, ಮೂವರಿಗೂ ಅದು ಮೊದಲ ಬೋಟು. ಆಗಸ್ಟಿನಲ್ಲಿ ಪೂಜೆ ಮಾಡಿ, ಐಸಿಗೆ ಹೋದರೆ ಹಳೇ ಬಾಕಿ ಕಟ್ಟದೆ ಐಸು ಇಲ್ಲ ಅಂದರು. ಪಕ್ಕದ ಪ್ಲಾಂಟಿಗೆ ಹೋದರೆ ಅವರು ಮೊದಲ ಪ್ಲಾಂಟಿನವರ ಮಾತು ಮೀರಲಿಲ್ಲ. ಡೀಸೆಲ್ ಬಂಕಿನಲ್ಲೂ ಅದೇ ಕತೆ. ಕೊನೆಗೆ ವ್ಯಾಪಾರಿಯೊಬ್ಬರು ಬಂದು, ಹಳೇ ಮಾಲೀಕನಿಗೆ ಕೊಟ್ಟ ಮುಂಗಡ ತೀರುವವರೆಗೆ ಮೀನು ನನ್ನಲ್ಲೇ ಹಾಕಿ, ಎಲ್ಲರ ಬಾಕಿ ನಾನು ನೋಡಿಕೊಳ್ಳುತ್ತೇನೆ ಅಂದರು. ಹುಡುಗರು ಒಪ್ಪಿದರು. ಬೇರೆಯವರ ಬೋಟಿನಲ್ಲಿ ಪಾಲಿಗೆ ದುಡಿಯುತ್ತಿದ್ದವರು ತಮ್ಮದೇ ಬೋಟಿನಲ್ಲಿ ಬೇರೆಯವರ ಸಾಲಕ್ಕೆ ದುಡಿದರು. ಅವರಲ್ಲೊಬ್ಬನ ಅಮ್ಮ ಒಣಮೀನು ಮಾರುವವರು. ಅಡವಿಟ್ಟ ಬಳೆ ಹರಾಜಿನ ನೋಟೀಸು ಓದಿಸಲು ನನ್ನ ಹತ್ತಿರ ಬಂದಿದ್ದರು. ಓದಿದೆ. ಎರಡು ಸಲ ಓದಿಸಿಕೊಂಡರು.

ಆ ಬಾಕಿಗಳು ನಿಮಗೆ ಗೊತ್ತಿದ್ದವು. ಹಳೇ ಮಾಲೀಕ ಮಾರಲು ಹೊರಟದ್ದೇ ಆ ಬಾಕಿಗಳಿಂದ, ನಿಮ್ಮ ಹತ್ತಿರ ಬಂದದ್ದೇ ಅವುಗಳನ್ನು ಮುಚ್ಚಿಟ್ಟು ಮಾರಲಿಕ್ಕೆ. ಅವನ ಗುಟ್ಟು ಕಾಪಾಡುವುದು ನಿಮ್ಮ ಧರ್ಮ ಅನ್ನುತ್ತೀರಿ. ಊರಿನ ಕಿವಿಯಿಂದ ಕಾಪಾಡಿ, ಒಪ್ಪುತ್ತೇನೆ. ಕೊಳ್ಳುವವನ ಕಿವಿಯಿಂದಲೂ ಕಾಪಾಡಿದರೆ ಅವನಿಂದ ಕಮಿಷನ್ ತೆಗೆದುಕೊಳ್ಳುವ ಹಕ್ಕು ನಿಮಗೆ ಎಲ್ಲಿಂದ ಬಂತು?

ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ನನ್ನ ವಿರೋಧ ರೂಢಿಗಲ್ಲ, ಗುಟ್ಟಿಗೆ. 1872ರ ಭಾರತೀಯ ಕರಾರು ಕಾಯ್ದೆ ಇಂಥ ವ್ಯವಹಾರದ ಬಗ್ಗೆ ಆಗಲೇ ಸ್ಪಷ್ಟ ಹೇಳಿದೆ. ಏಜೆಂಟನಾದವನು ಯಾರ ಪರ ಕೆಲಸ ಮಾಡುತ್ತಾನೋ ಅವರಿಗೆ ಲೆಕ್ಕ ಒಪ್ಪಿಸಬೇಕು. ಅವರಿಗೆ ತಿಳಿಸದೆ ಆ ವ್ಯವಹಾರದಲ್ಲಿ ತನ್ನ ಪರವಾಗಿ ಕೈಹಾಕಿ ಲಾಭ ಮಾಡಿಕೊಂಡರೆ ಅದನ್ನು ಕೇಳುವ ಹಕ್ಕು ಅವರಿಗಿದೆ. ಮಾಲೀಕನಿಗೆ ಒಂದು ಬೆಲೆ, ಗಿರಾಕಿಗೆ ಇನ್ನೊಂದು ಬೆಲೆ ಹೇಳಿ, ನಡುವಿನದನ್ನು ಕಮಿಷನ್ನಿನ ಜೊತೆ ಜೇಬಿಗಿಳಿಸುವುದು ಬಂದರಿನಲ್ಲಿ ಜಾಣತನ ಅನ್ನಿಸಿಕೊಂಡಿದೆ. ಕಾನೂನು ಅದನ್ನು ಹಾಗೆ ನೋಡುವುದಿಲ್ಲ.

ಜಾಗದ ದಲ್ಲಾಳಿಗೆ 2016ರ ರೇರಾ ಕಾಯ್ದೆ ಬಂದ ಮೇಲೆ, ಆ ಕಾಯ್ದೆಯ ಕೆಳಗಿನ ಯೋಜನೆಗಳ ಮನೆ, ಸೈಟು ಮಾರಿಸಬೇಕಾದರೆ ನೋಂದಣಿ ಬೇಕು. ಹಳೇ ಕಾರು, ಬೈಕು ಮಾರುವ ಡೀಲರಿಗೆ 2023ರ ಏಪ್ರಿಲ್‌ನಿಂದ ಸಾರಿಗೆ ಇಲಾಖೆಯ ಅಧಿಕೃತ ಪತ್ರ ಬೇಕು. ವಾಹನ ಅವನ ಕೈಯಲ್ಲಿರುವಷ್ಟು ದಿನ ಅದರ ಹೊಣೆ ಅವನದು. ಮೀನುಗಾರಿಕೆ ಬೋಟಿನ ದಲ್ಲಾಳಿಗೆ ಇಂಥ ಯಾವುದೂ ಇಲ್ಲ. ಒಂದು ಸ್ಕೂಟರಿಗೆ ಇರುವ ಕಾವಲು ಹತ್ತು ಜನರ ಜೀವ ಹೊತ್ತು ಕಡಲಿಗೆ ಹೋಗುವ ಬೋಟಿಗಿಲ್ಲ. ಅಮೆರಿಕದ ಫ್ಲೋರಿಡಾ, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ದೊಡ್ಡ ಬೋಟುಗಳ ದಲ್ಲಾಳಿ ಸರ್ಕಾರದ ಲೈಸೆನ್ಸ್ ಪಡೆಯಬೇಕು, ಠೇವಣಿ ಭದ್ರತೆ ಕೊಡಬೇಕು, ಗಿರಾಕಿ ಕೊಟ್ಟ ಮುಂಗಡವನ್ನು ತನ್ನ ದುಡ್ಡಿನ ಜೊತೆ ಬೆರೆಸದೆ ಬೇರೆ ಖಾತೆಯಲ್ಲಿಡಬೇಕು. ಅಲ್ಲಿ ಬೋಟು ಕೊಳ್ಳುವವರು ಹೆಚ್ಚಾಗಿ ವಾರಾಂತ್ಯದ ವಿಹಾರಕ್ಕೆ ಕೊಳ್ಳುವವರು. ಇಲ್ಲಿ ಹೊಟ್ಟೆಪಾಡಿಗೆ ಕೊಳ್ಳುತ್ತಾರೆ. ಇಲಾಖೆ ಎಂದಾದರೂ ನಿಯಮ ತರಲಿ, ತರಬೇಕು. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯ ನಿಮಗಿಲ್ಲ. ನಿಮಗೆ ಮೀನುಗಾರರ ಸಂಘದಲ್ಲಿ ಹೆಸರಿದೆ, ಹಿರಿತನವಿದೆ. ನೀವು ಮಾಡಿದ್ದನ್ನು ಉಳಿದ ದಲ್ಲಾಳಿಗಳು ಮಾಡುತ್ತಾರೆ.

ನಾನು ಕೇಳುವುದು ಒಂದು ಹಾಳೆ. ಬೋಟು ತೋರಿಸುವ ಮೊದಲು ಗಿರಾಕಿಗೆ ಕೊಡುವ, ನಿಮ್ಮ ಸಹಿ ಇರುವ ಒಂದೇ ಒಂದು ಹಾಳೆ. ನೀವು ಯಾರ ಪರ, ಯಾರಿಂದ ಎಷ್ಟು ಕಮಿಷನ್ ಅಂತ ಅದರ ಮೇಲಿನ ಸಾಲಿನಲ್ಲಿ ಇರಲಿ. ಮಾರುವವನ ಪರವೇ ಆಗಿದ್ದರೂ ಚಿಂತೆಯಿಲ್ಲ. ಅದು ಗೊತ್ತಾದರೆ ಹುಡುಗರು ತಮ್ಮ ಪರವಾಗಿ ಮಾತಾಡಲು ಇನ್ನೊಬ್ಬ ಹಿರಿಯನನ್ನು ಕರೆದುಕೊಂಡು ಬರುತ್ತಾರೆ. ಬ್ಯಾಂಕಿನ ಸಾಲ ಎಷ್ಟು, ಐಸು, ಡೀಸೆಲ್, ಬಲೆ, ವ್ಯಾಪಾರಿ, ಕಲಾಸಿಗಳ ಬಾಕಿ ಎಷ್ಟು, ಅದನ್ನು ಯಾರು ತೀರಿಸುತ್ತಾರೆ, ಮಾರಾಟದ ದುಡ್ಡಿನಿಂದಲೇ ಕಳೆದು ನೇರ ಅವರವರಿಗೆ ಸೇರುತ್ತದೆಯೋ – ಇದನ್ನು ಮಾಲೀಕನ ಬಾಯಿಂದ ಹೇಳಿಸಿ ಬರೆಯಿರಿ. ಮುಂಗಡವನ್ನು ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ, ನೇರ ಬ್ಯಾಂಕಿಗೆ ಹಾಕಿಸಿ. ಹೆಸರು ಬದಲಾವಣೆಯ ಅರ್ಜಿ ಸಲ್ಲಿಕೆಯಾದ ದಿನ ಕಮಿಷನ್ನಿನ ಅರ್ಧ, ಹೊಸ ಹೆಸರಿನ ನೋಂದಣಿ ಪತ್ರ ಕೈಗೆ ಬಂದ ದಿನ ಉಳಿದರ್ಧ ತೆಗೆದುಕೊಳ್ಳಿ. ಆಗ ಆ ಪತ್ರಕ್ಕಾಗಿ ಇಲಾಖೆಯ ಮೆಟ್ಟಿಲು ಹತ್ತಲು ನಿಮಗೂ ಕಾರಣವಿರುತ್ತದೆ. ಅರ್ಜಿ ಬರೆಯುವ ನನ್ನ ಕೂಲಿಯನ್ನು ಈ ಕೆಲಸಕ್ಕೆ ನಾನು ಬಿಡುತ್ತೇನೆ.

ಗಿರಾಕಿ ಹೆದರಿ ಓಡಿಹೋಗುತ್ತಾನೆ ಅಂತ ನೀವು ಹೇಳಬಹುದು. ಕೆಲವರು ಹೋಗಲಿ. ಸಾಲ ತಿಳಿದೂ ಕೊಳ್ಳುವವರು ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೇಳುತ್ತಾರೆ, ವ್ಯಾಪಾರಿಯ ಜೊತೆ ಮೊದಲೇ ಕೂತು ಮಾತಾಡುತ್ತಾರೆ, ಐಸ್ ಪ್ಲಾಂಟಿನವರಿಗೆ ಕಂತು ಬರೆದುಕೊಡುತ್ತಾರೆ. ಕಡಲ ಮಕ್ಕಳು ಸಾಲಕ್ಕೆ ಹೆದರುವವರಲ್ಲ, ತಿಳಿಸಿದರೆ ಹೊರುತ್ತಾರೆ.

ಬರುವ ಸೋಮವಾರ ಇಬ್ಬರು ಅಣ್ಣತಮ್ಮಂದಿರು ನಿಮ್ಮ ಹತ್ತಿರ ಬರುತ್ತಾರೆ. ಗಂಗೊಳ್ಳಿ ಕಡೆಯವರು. ಬಾಪುತೋಟದ ಹತ್ತಿರ ನಿಂತಿರುವ ಹಸಿರು ಬೋಟು ನೋಡಬೇಕಂತೆ, ಕಾಗದ ಹೇಗಿದೆ ಅಂತ ನನ್ನನ್ನು ಕೇಳಿದರು. ಕಾಗದದಲ್ಲಿ ಇರುವುದನ್ನು ಹೇಳಿದ್ದೇನೆ. ಅದರಲ್ಲಿ ಇಲ್ಲದ್ದನ್ನು ನೀವು ಹೇಳಬೇಕು. ಆ ಬೋಟಿಗೆ ಇನ್ನೂ ಬಣ್ಣ ಬಳಿದಿಲ್ಲ, ನಿನ್ನೆ ನೋಡಿದೆ. ಸೋಮವಾರದವರೆಗೆ ಬಳಿಯದಿರಲು ಮಾಲೀಕನಿಗೆ ಒಂದು ಮಾತು ಹೇಳಿಡಿ.

ಇಂತಿ ನಿಮ್ಮ ವಿಶ್ವಾಸಿ,
ದಕ್ಕೆ ಬಳಿಯ ಅರ್ಜಿ ಬರೆಯುವವನು
ಮಲ್ಪೆ